ಹೆಗಲು ನೋಡಿ ಚೀಲ ಕೊಡುತ್ತಿದ್ದವರು

ವಿಜಾಪುರದ ಸೊಲ್ಲಾಪುರ ರಸ್ತೆಯಲ್ಲಿ ಮಿಲಿಟರಿ ಚೀಲ ಮಾರುತ್ತಿದ್ದ ಚಾಚಾ ಗಿರಾಕಿಯ ಮುಖ ನೋಡುತ್ತಿರಲಿಲ್ಲ, ಹೆಗಲು ನೋಡುತ್ತಿದ್ದರು. ಹತ್ತು ಸಲ ಹೋಗಿ ಎದುರಿಗೆ ನಿಂತರೂ ಯಾರು ಎಂದು ಕೇಳುವರು. ತಿರುಗಿ ನಿಂತರೆ ಸಾಕು, "ಹಾಂ, ತಿಕೋಟಾ ಮಾಸ್ತರ! ಬರ್ರಿ, ಕುಂದರ್ರಿ" ಎನ್ನುವರು. ನನ್ನ ಮುಖಕ್ಕಿಂತ ಬೆನ್ನೇ ಲಕ್ಷಣವಾಗಿದೆ ಎಂದು ಸಾಲಿಯ ಜೊತೆಗಾರರು ಆಗ ಬಹಳ ದಿನ ಚೇಷ್ಟೆ ಮಾಡಿದರು.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಅಂಗಡಿಗೊಂದು ಬೋರ್ಡು ಹಾಕಿಸಿ ಅಂದವರನ್ನೆಲ್ಲ, "ಚೀಲ ಹೊರಾವ್ರು ನೀವು, ಹೆಸರ ಯಾಕ ನಂದು?" ಎಂದು ಕೇಳಿ ಕಳಿಸಿದ ಮನುಷ್ಯ. ಊರಿಗೆ ಊರೇ ಚಾಚಾ ಅನ್ನುತ್ತಿತ್ತು. ನನಗೂ ಅಷ್ಟು ಸಾಕು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಸೈನ್ಯದಲ್ಲಿದ್ದರು. ಬಂದೂಕು ಹಿಡಿದವರಲ್ಲ, ದಬ್ಬಳ ಹಿಡಿದವರು. ಸಿಪಾಯಿಗಳ ಚೀಲ, ಪಟ್ಟಿ, ಡೇರೆ ಹರಿದರೆ ಹೊಲಿದು ಮತ್ತೆ ಹಂಚುವ ಕೆಲಸ. ಅಲ್ಲಿಯೇ ಒಂದು ಟ್ರಕ್ಕು ಮಗುಚಿ ಬಲಗಾಲು ಮುರಿಯಿತು, ಕೂಡಿಕೊಂಡಿತು, ಆದರೆ ಗಿಡ್ಡಾಯಿತು. ಯುದ್ಧ ಮುಗಿದ ಮೇಲೆ ಸೈನ್ಯ ಬೇಡವೆಂದು ಮಾರಿದ ಮಾಲನ್ನು ಗಂಟುಗಟ್ಟಲೆ ತಂದು ಸೊಲ್ಲಾಪುರ ರಸ್ತೆಯಲ್ಲಿ ತಗಡಿನ ಅಂಗಡಿ ಇಟ್ಟರು. ನಾನು ಅವರನ್ನು ಕಂಡದ್ದು ಅರವತ್ತರ ದಶಕದ ಮೊದಲ ವರ್ಷಗಳಲ್ಲಿ. ಆಗಲೂ ಆ ಗಂಟುಗಳು ಮುಗಿದಿರಲಿಲ್ಲ. ಅಂಗಡಿಯೊಳಗೆ ಕಾಲಿಟ್ಟರೆ ಹಳೆಯ ಕ್ಯಾನ್ವಾಸು, ಮೇಣ ಮತ್ತು ಹಿತ್ತಾಳೆ ಬೆಳಗುವ ಬ್ರಾಸೊ ಮೂರೂ ಸೇರಿದ ಒಂದು ವಾಸನೆ ಬರುತ್ತಿತ್ತು.

ಜೋರಾಪುರ ಪೇಟೆಯ ಮನೆಯಿಂದ ಅಂಗಡಿಗೆ ಟಾಂಗಾದಲ್ಲಿ ಬರುವರು, ಟಾಂಗಾದಲ್ಲಿ ಹೋಗುವರು. ನಾಲ್ಕು ಹೆಜ್ಜೆ ನಡೆದರೆ ಐದನೆಯದಕ್ಕೆ ಗೋಡೆ ಹಿಡಿಯಬೇಕು. ಅಂಥವರು ನಮ್ಮ ಸೀಮೆಯ ನಡೆಯುವವರಿಗೆಲ್ಲ ಗುರುವಾದರು. ಯುಗಾದಿಗೆ ಶ್ರೀಶೈಲಕ್ಕೆ ನಡೆದು ಹೋಗುವವರು, ಆಷಾಢಕ್ಕೆ ಪಂಢರಪುರಕ್ಕೆ ಹೊರಡುವವರು, ಕೈಯಲ್ಲಿ ಸರಪಳಿ ಹಿಡಿದು ಹೊಲ ಅಳೆಯುವ ಮೋಜಣಿಯವರು, ಎಲ್ಲರೂ ಹೊರಡುವ ಮೊದಲು ಅಲ್ಲಿಗೆ ಬರುವರು.

ಚೀಲ ಕೊಡುವುದರಲ್ಲಿ ಅವರದೊಂದು ಪದ್ಧತಿ ಇತ್ತು. "ಆ ದೊಡ್ಡದು ತೋರಿಸ್ರಿ" ಎಂದವನಿಗೆ ಏನೂ ತೋರಿಸುತ್ತಿರಲಿಲ್ಲ. "ಸಾಮಾನ ತಂದೀರೇನು?" ಎಂದು ಕೇಳುವರು. ಒಯ್ಯಬೇಕೆಂದಿರುವ ಸಾಮಾನನ್ನೆಲ್ಲ ತಂದು ಜಮಖಾನೆಯ ಮೇಲೆ ಹರವಬೇಕು. ಅದರಲ್ಲಿ ಅರ್ಧವನ್ನು ಅವರು ಕೋಲಿನಿಂದ ಆಚೆ ಸರಿಸುವರು. ಉಳಿದದ್ದಕ್ಕೆ ತಕ್ಕ ಚೀಲ. "ಚೀಲದಾಗ ಖಾಲಿ ಜಾಗ ಬಿಟ್ರ ಮನಷ್ಯಾ ತುಂಬಾಂವನ. ಅದಕ್ಕ ಜಾಗಾನs ಕೊಡಬಾರದು" ಎನ್ನುವರು. ಆಮೇಲೆ ಗಿರಾಕಿಯನ್ನು ತಿರುಗಿಸಿ ಕುತ್ತಿಗೆಯ ಎಲುಬಿನಿಂದ ಸೊಂಟದ ಎಲುಬಿನವರೆಗೆ ಗೇಣು ಹಾಕುವರು. ಎರಡು ಗೇಣಿನ ಬೆನ್ನಿಗೆ ಮೂರು ಗೇಣಿನ ಚೀಲವನ್ನು ಎಷ್ಟು ಗೋಗರೆದರೂ ಕೊಡುತ್ತಿರಲಿಲ್ಲ. ಚೀಲವನ್ನು ಬಿಸಿಲಿಗೆ ಎತ್ತಿ ಹಿಡಿದು ಒಳಗೆ ತಲೆ ಹಾಕಿ ತೂತು ನೋಡಬೇಕು. ಮೂಸಿ ಬೂಷ್ಟು ನೋಡಬೇಕು. ಪಟ್ಟಿಯ ಮೇಲೆ ಕಾಲಿಟ್ಟು ಚೀಲವನ್ನು ಮೇಲಕ್ಕೆ ಜಗ್ಗಿ ಹೊಲಿಗೆ ನೋಡಬೇಕು. ಬಣ್ಣ, ಹಿತ್ತಾಳೆಯ ಹೊಳಪು ಕೊನೆಗೆ. ನಮ್ಮ ಜನ ನೋಡುತ್ತಿದ್ದದ್ದು ಮೊದಲು ಅವೆರಡನ್ನೇ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಅಂಗಡಿಯ ಮೂಲೆಯಲ್ಲಿ ಸಣ್ಣ ಸಣ್ಣ ಜೋಳದ ಗಂಟುಗಳಿದ್ದವು. ಅವನ್ನು ಚೀಲದಲ್ಲಿ ತುಂಬಿ, "ಗೋಳಗುಮ್ಮಟದ ಮಟಾ ಹೋಗಿ ಬರ್ರಿ" ಎಂದು ಕಳಿಸುವರು. ಬೆನ್ನ ಮೇಲೆ ಮಿಲಿಟರಿ ಚೀಲ, ತಲೆಗೆ ರುಮಾಲು, ಉಟ್ಟದ್ದು ಧೋತರ, ಹೀಗೆ ಬಿರಬಿರನೆ ನಡೆಯುವವನನ್ನು ಕಂಡರೆ ಊರವರಿಗೆ ಚಾಚಾನ ಗಿರಾಕಿ ಎಂದು ಗೊತ್ತಾಗುತ್ತಿತ್ತು. ಒಮ್ಮೆ ಒಬ್ಬ ಗೋಳಗುಮ್ಮಟಕ್ಕೆ ಹೋದವನು ಬರಲೇ ಇಲ್ಲ. ಚೀಲವೂ ಹೋಯಿತು, ಜೋಳವೂ ಹೋಯಿತು. ನಾವೆಲ್ಲ ಅಯ್ಯೋ ಎಂದರೆ ಚಾಚಾ ದಬ್ಬಳಕ್ಕೆ ದಾರ ಪೋಣಿಸುತ್ತ, "ಚೀಲ ಬೆನ್ನಿಗಿ ಒಪ್ಪಿರಬೇಕು" ಎಂದರು.

ಆ ಚೀಲಗಳ ಮುಚ್ಚಳದ ಒಳಗೆ ಹಿಂದೆ ಹೊತ್ತ ಸಿಪಾಯಿಯ ನಂಬರನ್ನು ಕರಿ ಬಣ್ಣದಲ್ಲಿ ಬರೆದಿರುತ್ತಿತ್ತು. ಬೇರೆ ಅಂಗಡಿಯವರು ಅದನ್ನು ಸೀಮೆಎಣ್ಣೆ ಹಾಕಿ ಉಜ್ಜಿ ಅಳಿಸುವರು. ಚಾಚಾ ಅಳಿಸುತ್ತಿರಲಿಲ್ಲ. ಅಳಿಸಿ ಕೊಡಿ ಅಂದವರಿಗೆ ಚೀಲವನ್ನೇ ಕೊಡುತ್ತಿರಲಿಲ್ಲ. ಯಾಕೆ ಎಂದು ಹೇಳಿದವರೂ ಅಲ್ಲ.

ಇನ್ನು ಅವರ ಮಾತು. ನಡೆದು ಮರಳಿ ಬಂದ ಯಾರನ್ನಾದರೂ ಅವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಎಲ್ಲಿ ಕಡೀತು?" ಪಟ್ಟಿ ಎಲ್ಲಿ ಕೊರೆಯಿತು, ಎಲ್ಲಿ ನೋಯಿತು ಎಂದು. ದೇವರ ದರ್ಶನ ಹೇಗಾಯಿತು, ಬಿಸಿಲು ಹೇಗಿತ್ತು, ಅದೆಲ್ಲ ಆಮೇಲೆ. ಮೊದಲು ಅಂಗಿ ಬಿಚ್ಚಿಸಿ, ಹೆಗಲ ಮೇಲಿನ ಗುರುತಿನ ಮೇಲೆ ಹೆಬ್ಬೆರಳು ಒತ್ತಿ, ಕಣ್ಣು ಮುಚ್ಚಿ ನಿಲ್ಲುವರು. "ಎಲ್ಲೂ ಇಲ್ರಿ ಚಾಚಾ, ಭಾಳ ಛಲೋ ಚೀಲ" ಅಂತ ಯಾರಾದರೂ ಹೊಗಳಿದರೆ ಸಿಟ್ಟು ಬರುತ್ತಿತ್ತು. "ನೂರಾರು ಮೈಲಿ ಹೊತ್ತೀಯಪಾ, ಎಲ್ಲೂ ಕಡೀಲಿಲ್ಲಂದ್ರ ನೀ ಸುಳ್ಳ ಹೇಳಾಕತ್ತಿ. ಖರೇ ಹೇಳಿದ್ರ ಮುಂದಿನಾವಂಗ ಕಡಿಯೂದು ತಪ್ಪತೈತಿ" ಎನ್ನುವರು. ಯುಗಾದಿ ಕಳೆದು ಶ್ರೀಶೈಲದವರು ಮರಳುವ ವಾರ ಮಾರಾಟ ಬಂದ್. ಬರೀ ಹೆಗಲು ನೋಡುವುದು, ಹೊಲಿಗೆ ಬಿಚ್ಚಿ ಸರಿಮಾಡುವುದು.

ಈ ಮನುಷ್ಯನಿಗೆ ನಾನು ಸುಳ್ಳು ಹೇಳಿದೆ. ಅದನ್ನೇ ಈಗ ಬರೆಯಬೇಕು.

ನಮ್ಮಪ್ಪ ತಿಕೋಟಾದಿಂದ ಶ್ರೀಶೈಲಕ್ಕೆ ಹನ್ನೆರಡು ಸಲ ನಡೆದು ಹೋಗಿದ್ದ. ಪ್ರತಿ ಸಲವೂ ತಿಂಗಳಾದರೂ ಕೆಡದ ಕಟಕ ರೊಟ್ಟಿ ಬಡಿದು, ಶೇಂಗಾ ಹಿಂಡಿ ಕುಟ್ಟಿ, ಗಂಟು ಕಟ್ಟಿಕೊಟ್ಟವಳು ಅವ್ವ. ಅಪ್ಪನಿಗೆ ಮಾತ್ರವಲ್ಲ, ಓಣಿಯ ಅರ್ಧ ಜನಕ್ಕೆ. ಅಪ್ಪ ತೀರಿಕೊಂಡ ಎರಡನೆಯ ವರ್ಷ ಶಿವರಾತ್ರಿಯ ಮರುದಿನ ಒಲೆಯ ಮುಂದೆ ಕೂತವಳು, "ಈ ವರ್ಷ ರೊಟ್ಟಿ ಕಟ್ಟಿ ಕೊಡಂಗಿಲ್ಲ. ಕಟಗೊಂಡು ನಾನs ಹೋಗಾಕಿ" ಎಂದಳು. ಅವಳಿಗೆ ಆಗ ಐವತ್ತು ದಾಟಿತ್ತು. ಏನಾದರೂ ಬೇಕು ಎಂದು ಅವಳು ಬಾಯಿಬಿಟ್ಟು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆದರೆ ಶ್ರೀಶೈಲಕ್ಕೆ ನಡೆದು ಹೋಗುವ ತಂಡದ್ದೊಂದು ಕಟ್ಟಳೆ ಇತ್ತು. ಹೆಂಗಸರ ಗಂಟುಗಳು ಎತ್ತಿನ ಗಾಡಿಯಲ್ಲಿ ಹೋಗುತ್ತಿದ್ದವು. ಗಾಡಿ ಹೋಗುವುದು ಕಾಡಿನ ಅಂಚಿನವರೆಗೆ. ಅಲ್ಲಿಂದ ಮುಂದೆ ಕಾಲುದಾರಿ, ಮೇಲೆ ಭೀಮನಕೊಳ್ಳದ ಏರು. ಕಲ್ಲು ಹಿಡಿದು ಹತ್ತಬೇಕು, ಎರಡೂ ಕೈ ಖಾಲಿ ಇರಬೇಕು, ತಲೆಗೆ ಟೊಂಗೆ ತಾಗುತ್ತವೆ. ತನ್ನ ಭಾರವನ್ನು ಬೆನ್ನ ಮೇಲೆ ಹೊರಬಲ್ಲವರು ಮಾತ್ರ ಮುಂದೆ. ಉಳಿದವರು ಅಂಚಿನಲ್ಲೇ ಕೈ ಮುಗಿದು ಗಾಡಿಯ ಜೊತೆ ಮರಳಬೇಕು. ಹೊರಡುವ ಮೊದಲು ಪ್ರತಿಯೊಬ್ಬರೂ ಭಾರ ಹೊತ್ತು ಬಬಲೇಶ್ವರಕ್ಕೆ ನಡೆದು ಬಂದು ತಂಡದ ಯಜಮಾನರಿಗೆ ತೋರಿಸಬೇಕು. ತಿಕೋಟಾದಿಂದ ಅದು ಅರ್ಧ ದಿನದ ದಾರಿ. ಅವ್ವನಿಗೆ ಬೇಕಾಗಿದ್ದದ್ದು ಕಾಡಿನ ಅಂಚಲ್ಲ, ಶ್ರೀಶೈಲ.

ನಾನು ಚಾಚಾನ ಅಂಗಡಿಗೆ ಹೋದೆ. "ಯಾರ ಬೆನ್ನಿಗಿ?" ಎಂದು ಕೇಳಿದರು. ಮೂರು ಜನ ಗಿರಾಕಿಗಳು ಕೂತಿದ್ದರು. ಅವ್ವನಿಗೆ ಸಿಪಾಯಿ ಚೀಲ ಅಂದರೆ ನಗುತ್ತಾರೆ ಎಂದು ನನಗೆ ನಾಚಿಕೆ. "ನನಗs ರೀ" ಎಂದೆ. ಅವರು ನನ್ನ ಬೆನ್ನಿಗೆ ಗೇಣು ಹಾಕಿದರು, ನನ್ನ ಎತ್ತರಕ್ಕೆ ಪಟ್ಟಿ ಬಿಗಿದರು. ಗೋಳಗುಮ್ಮಟಕ್ಕೆ ಹೋಗಿ ಬಂದೆ. ಹಿಂದೆ ಕಬ್ಬಿಣದ ಚೌಕಟ್ಟು ಇರುವ, ಹಿತ್ತಾಳೆ ಬಕಲಿನ ಚೀಲ. ಕನ್ನಡಿಯಲ್ಲಿ ನೋಡಿಕೊಂಡರೆ ನನಗೇ ಒಂದು ಸಲಾಮು ಹೊಡೆಯಬೇಕೆನ್ನಿಸಿತು.

ಬಬಲೇಶ್ವರಕ್ಕೆ ಅವ್ವನ ಜೊತೆ ನಾನೂ ನಡೆದೆ. ಮೊದಲ ಹರದಾರಿಯಲ್ಲೇ ಚೌಕಟ್ಟು ಅವಳ ಸೊಂಟದ ಕೆಳಗೆ ಬಡಿಯತೊಡಗಿತು. ಎಡಗಡೆಯ ಪಟ್ಟಿ ಸಲಸಲಕ್ಕೂ ತೋಳಿಗೆ ಜಾರುವುದು, ಅವಳು ಎತ್ತಿ ಏರಿಸುವುದು. ಒಂದು ಬನ್ನಿಗಿಡದ ಹತ್ತಿರ ನಿಂತಳು. ಸೆರಗನ್ನು ಸಿಂಬಿ ಸುತ್ತಿ ತಲೆಯ ಮೇಲಿಟ್ಟು, ಕಬ್ಬಿಣದ ಚೌಕಟ್ಟಿನ ಸಮೇತ ಸರ್ಕಾರಿ ಸೈನ್ಯದ ಚೀಲವನ್ನು ಮೇವಿನ ಹೊರೆಯಂತೆ ತಲೆಯ ಮೇಲೆ ಏರಿಸಿ, ಕೈ ಬೀಸಿಕೊಂಡು ನಡೆದೇ ಬಿಟ್ಟಳು. ನಾನು ಹಿಂದೆ ಓಡಬೇಕಾಯಿತು.

ಯಜಮಾನರು ಹಿರಿಯರು, ಒಳ್ಳೆಯವರು. ಅವ್ವ ಬರುವುದನ್ನು ದೂರದಿಂದಲೇ ನೋಡಿದ್ದರು. "ಶಕ್ತಿ ಐತಿ ತಂಗೀ, ನಾ ಇಲ್ಲ ಅನ್ನಂಗಿಲ್ಲ. ಆದ್ರ ತಲಿ ಮ್ಯಾಲಿನ ಗಂಟು ಕಾಡಾಗ ನಡಿಯಂಗಿಲ್ಲ. ಬರೂ ಸೋಮವಾರ ಇನ್ನೊಮ್ಮಿ ಬಾ. ಆಗಲಿಲ್ಲಂದ್ರ ಗಾಡಿ ಕೂಡ ಇರು" ಎಂದರು.

ಮರಳುವಾಗಲೂ ಅವ್ವ ಚೀಲವನ್ನು ತಲೆಯ ಮೇಲೇ ಹೊತ್ತು ತಂದಳು. ತಿಕೋಟಾದ ಅಗಸಿ ಬಾಗಿಲು ಕಂಡ ಮೇಲೆ, "ಇರಲಿ ಬಿಡಪಾ. ನನಗ ರೊಟ್ಟಿ ಕಟ್ಟಾಕರೆ ಬರ್ತೈತೆಲ್ಲ" ಎಂದಳು. ನನಗೆ ಅವಳು ಹನ್ನೆರಡು ಸಲ ಕಟ್ಟಿಕೊಟ್ಟ ಗಂಟುಗಳೆಲ್ಲ ನೆನಪಾದವು.

ಮರುದಿನ ಸಾಲಿಗೆ ರಜೆ ಹಾಕಿ ಚೀಲ ಹೊತ್ತು ವಿಜಾಪುರಕ್ಕೆ ಹೋದೆ. ತಪ್ಪು ಒಪ್ಪಿಕೊಂಡೆ. ಚಾಚಾ ಕೈಯಲ್ಲಿದ್ದ ದಬ್ಬಳವನ್ನು ಹಲಗೆಗೆ ಚುಚ್ಚಿ ನಿಲ್ಲಿಸಿದರು. ಅವರ ದನಿ ಏರಿದ್ದನ್ನು ಕೇಳಿದ್ದು ಅಂದು ಮಾತ್ರ.

"ಬೆನ್ನು ಸುಳ್ಳ ಹೇಳಂಗಿಲ್ಲ ಮಾಸ್ತರ, ಬಾಯಿ ಹೇಳ್ತೈತಿ. ಅದಕ್ಕs ನಾ ಮಾರಿ ನೋಡಂಗಿಲ್ಲ. ಅವ್ವಗ ಅಂತ ಹೇಳಾಕ ನಾಚಿಗಿ ಬಂತೇನು? ಹೊತ್ತ ಹೆತ್ತಾಕಿ, ಆಕಿ ಚೀಲ ಹೊತ್ರ ಯಾರಿಗಿ ನಾಚಿಗಿ?"

ಆಮೇಲೆ ದಬ್ಬಳವನ್ನು ಮತ್ತೆ ಕೈಗೆ ತೆಗೆದುಕೊಂಡು ಅವರೇ, "ನಾಳೆ ಮನಿಗಿ ಕರಕೊಂಡ ಬರ್ರಿ. ಅಂಗಡ್ಯಾಗ ಗಂಡಸೂರು ಇರ್ತಾರ. ಬರೂ ಮುಂದ ನಿಮ್ಮ ಸಾಲಿ ಖಡುವಿನ ಪುಡಿ ಒಂದ್ ಮುಷ್ಟಿ ತರ್ರಿ" ಎಂದರು. ಕರಿಹಲಗೆಯ ಮೇಲೆ ಬರೆಯುವ ಖಡುವನ್ನು ಏನು ಮಾಡುತ್ತಾರೆ ಎಂದು ಕೇಳುವ ಧೈರ್ಯ ಆಗಲಿಲ್ಲ.

ಜೋರಾಪುರ ಪೇಟೆಯ ಆ ಓಣಿಯಲ್ಲಿ ನಾನು ಮುಂದೆ, ಅವ್ವ ಹಿಂದೆ. ಚಾಚಾ ಕಟ್ಟೆಯ ಮೇಲೆ ಕೂತು ನಮ್ಮನ್ನು ನೋಡುತ್ತಿದ್ದರು. ಅವ್ವ ಒಳಗೆ ಅವರ ಹೆಂಡತಿ ಚಾಚಿಯ ಹತ್ತಿರ ಹೋದ ಮೇಲೆ ನನ್ನನ್ನು ಕೇಳಿದರು: "ನಿಮ್ಮ ಅವ್ವಾರು ನೀರಿನ ಕೊಡ ಯಾವ ಬಗಲಾಗ ಇಟಗೋತಾರ?"

ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಅವಳು ತಂದ ನೀರು ಕುಡಿದವನು ನಾನು. ಬಾವಿಯಿಂದ ದಿನಕ್ಕೆ ಹತ್ತು ಸಲ ಅವಳು ಬರುವುದನ್ನು ಕಂಡವನು. ಬಲಬಗಲೋ ಎಡಬಗಲೋ ನೋಡಿರಲಿಲ್ಲ.

"ಬಲಬಗಲಾಗ," ಎಂದರು ಚಾಚಾ. "ಭಾರ ಬಲಕ್ಕ ಇರ್ತೈತಿ, ಮೈ ಎಡಕ್ಕ ವಾಲ್ತೈತಿ. ಎಡಗಡಿ ಹೆಗಲು ಎರಡ ಬಟ್ಟು ಕೆಳಗ ಇಳದೈತಿ. ಓಣಿ ತುದಿಯಿಂದs ಕಾಣತೈತಿ."

ಆಮೇಲೆ ಒಂದು ಹಳೆಯ ಚೌಕ ಚೀಲ ತೆಗೆದರು. ಚೌಕಟ್ಟಿಲ್ಲ, ಹೊಳಪಿಲ್ಲ, ಬಕಲು ಕಪ್ಪಾಗಿದ್ದವು. ಅದರ ಪಟ್ಟಿಗಳ ಒಳಮೈಗೆ ನಾನು ತಂದ ಖಡುವಿನ ಪುಡಿ ಉಜ್ಜಿದರು. ಜೋಳ ತುಂಬಿ ಅವ್ವನ ಬೆನ್ನಿಗೆ ಏರಿಸಲು ಚಾಚಿಗೆ ಕೊಟ್ಟರು. ಇಬ್ಬರು ಹೆಂಗಸರೂ ಗೋಳಗುಮ್ಮಟದವರೆಗೆ ನಡೆದು ಹೋಗಿ ಬಂದರು. ಒಳಗೆ ಹೋಗಿ ಅವ್ವನ ಕುಪ್ಪಸದ ಮೇಲಿನ ಗುರುತು ನೋಡಿದ ಚಾಚಿ ಪರದೆಯ ಹಿಂದಿನಿಂದ ಹೇಳಿದರು: "ಬಲಗಡಿ ಕುತಗಿ ಹತ್ರ ಬೆಳ್ಳಗ ಗೆರಿ ಬಿದ್ದೈತಿ. ಎಡಗಡಿ ಗೆರಿನs ಇಲ್ಲ, ತೋಳಿನ ಮಟಾ ಬರೇ ಒರಸೇತಿ." ಗಂಡಸರ ಹೆಗಲನ್ನು ಹೆಬ್ಬೆರಳಿನಿಂದ ಓದುತ್ತಿದ್ದವರು ಹೆಂಗಸಿನ ಹೆಗಲನ್ನು ಓದಿದ್ದು ಹೀಗೆ. ಅವರ ಕೈ ಅವ್ವನ ಕಡೆ ಹೋಗಲಿಲ್ಲ, ಕಣ್ಣು ಕಟ್ಟೆ ದಾಟಲಿಲ್ಲ.

ಮೂರು ದಿನ ಆ ಚೀಲದ ಮೇಲೆ ಕೂತರು. ಎಡಪಟ್ಟಿಯನ್ನು ಎರಡು ಬೆರಳು ಗಿಡ್ಡ ಮಾಡಿದರು. ಪಟ್ಟಿಗಳು ಎದೆಯ ಮೇಲೆ ಹಾಯದೆ ಬೆನ್ನ ಹಿಂದೆ ಒಂದರ ಮೇಲೊಂದು ಹಾಯುವಂತೆ ಹೊಲಿದರು. ಹೀಗೆ ಮಾಡಿದರೆ ಜಾರುವುದಿಲ್ಲ, ಸೆರಗಿಗೂ ತೊಡಕಿಲ್ಲ. ಹೆಗಲಿಗೆ ತಾಗುವಲ್ಲಿ ಮೆತ್ತಗಿರಲಿ ಎಂದು ಚಾಚಿ ತಮ್ಮ ಹಳೆಯ ಕೌದಿಯ ಎರಡು ತುಂಡು ಕತ್ತರಿಸಿ ಕೊಟ್ಟರು. ಸಿಪಾಯಿ ಚೀಲಕ್ಕೆ ಕೆಂಪು ಹಸಿರು ಕೌದಿಯ ಹೆಗಲು ಬಂತು.

ತರಲು ಹೋದಾಗ ಅವ್ವನೂ ಬಂದಿದ್ದಳು. ಮುಚ್ಚಳ ಎತ್ತಿ ಒಳಗಿನ ಕರಿ ಅಕ್ಷರಗಳ ಮೇಲೆ ಬೆರಳಿಟ್ಟು, "ಇದೇನ್ರಿ ಬರದದ್ದು?" ಎಂದು ಕೇಳಿದಳು.

"ಮೊದಲ ಹೊತ್ತಾವನ ನಂಬರ ತಾಯಿ."

"ಅವ ಮನಿಗಿ ಬಂದನs?"

ಅಷ್ಟು ವರ್ಷ, ಅಷ್ಟು ಚೀಲ, ಅಷ್ಟು ಗಿರಾಕಿ. ಹೀಗೆ ಕೇಳಿದವರು ಯಾರೂ ಇರಲಿಲ್ಲವೇನೋ. ಚಾಚಾ ಅಂದು ಮೊದಲ ಸಲ ಗಿರಾಕಿಯ ಮುಖ ನೋಡಿದರು. "ಗೊತ್ತಿಲ್ಲ ತಾಯಿ. ಸಿಪಾಯಿಗಳನ್ನ ಸಾಲಾಗಿ ನಿಲ್ಲಸ್ತಿದ್ರು, ಕೈಗೆ ಬಂದ ಚೀಲ ಕೊಡ್ತಿದ್ವಿ. ಯಾರ ಹೆಗಲು ಎಂಥಾದು ಅಂತ ಒಬ್ಬಂದೂ ನೋಡ್ಲಿಲ್ಲ" ಎಂದರು.

"ಹಂಗಾರ ಅಳಸಬ್ಯಾಡ್ರಿ," ಎಂದಳು ಅವ್ವ. "ಅವನೂ ಶ್ರೀಶೈಲ ನೋಡ್ಲಿ."

ಸೋಮವಾರ ಅವಳು ಬಬಲೇಶ್ವರಕ್ಕೆ ಹೋದದ್ದು ಬೆನ್ನ ಮೇಲೆ ಚೀಲ ಹೊತ್ತು. ನಾನೂ ಹಿಂದೆ ಇದ್ದೆ. ಪಟ್ಟಿ ಒಮ್ಮೆಯೂ ಜಾರಲಿಲ್ಲ. ಯಜಮಾನರು ಅವಳ ಸುತ್ತ ಒಂದು ಸುತ್ತು ಬಂದು, ಕೌದಿಯ ತುಂಡು ಮುಟ್ಟಿ ನೋಡಿ, "ಕೈ ಮ್ಯಾಲ ಎತ್ತು ತಂಗೀ" ಎಂದರು. ಎರಡೂ ಕೈ ಎತ್ತಿದಳು. "ನಡಿ ಹಂಗಾರ" ಎಂದರು. ಆ ಎತ್ತಿದ ಕೈಗಳನ್ನು ಅವಳು ಇಳಿಸುವುದನ್ನೇ ಮರೆತು ನಿಂತಿದ್ದಳು.

ಪರೀಕ್ಷೆಯ ದಿನಗಳು, ನನಗೆ ಹೋಗಲು ಆಗಲಿಲ್ಲ. ಅವಳು ಹೋದಳು, ಭೀಮನಕೊಳ್ಳ ಹತ್ತಿದಳು, ಶ್ರೀಶೈಲದ ಮಲ್ಲಯ್ಯನನ್ನು ಕಂಡಳು, ಕಪ್ಪಾಗಿ, ಸೊರಗಿ, ನಗುತ್ತ ಬಂದಳು. ಮೂರನೆಯ ದಿನ ಅವಳೇ ಹೊರಡಿಸಿ ನನ್ನನ್ನು ಚಾಚಾನ ಅಂಗಡಿಗೆ ಕರೆದೊಯ್ದಳು.

"ಎಲ್ಲಿ ಕಡೀತು ತಾಯಿ?"

"ಎಲ್ಲೂ ಇಲ್ರಿ" ಎಂದಳು ಅವ್ವ. ಅವಳು ಯಾವಾಗಲೂ ಹೇಳುವುದು ಅದನ್ನೇ. ಜ್ವರ ಬಂದಾಗಲೂ ಅದೇ, ಕೈ ಸುಟ್ಟಾಗಲೂ ಅದೇ.

ಚಾಚಾಗೆ ಈ ಸಲ ಸಿಟ್ಟು ಬರಲಿಲ್ಲ. ತಾವು ಕೂತಿದ್ದ ಸ್ಟೂಲನ್ನು ಕೋಲಿನಿಂದ ಅವಳ ಕಡೆ ಸರಿಸಿ, ತಾವು ಗಿಡ್ಡ ಕಾಲು ಚಾಚಿ ನೆಲದ ಮೇಲೆ ಕೂತರು. "ಕುಂದರ್ರಿ. ನನಗ ಅವಸರ ಇಲ್ಲ" ಎಂದರು.

ಅವ್ವ ಕೂತಳು. ಸೆರಗು ಸರಿಮಾಡಿಕೊಂಡಳು. ಆಮೇಲೆ ಮೆಲ್ಲಗೆ ಶುರುಮಾಡಿದಳು. ದಾರಿಯ ಮೂರನೆಯ ದಿನ ಬಲಹೆಗಲು. ಹೊಳೆಯ ಉಸುಕಿನಲ್ಲಿ ಹಿಮ್ಮಡಿ. ಕಾಡಿನಲ್ಲಿ ಸೊಂಟ. ಅಲ್ಲಿಂದ ಮಾತು ಚೀಲ ಬಿಟ್ಟು ಎಲ್ಲೆಲ್ಲಿಗೋ ಹೋಯಿತು: ಹಲ್ಲುನೋವು, ಮೂರನೆಯ ಹೆರಿಗೆಯ ಮೇಲೆ ಹಿಡಿದ ನಡುನೋವು, ಅಪ್ಪ ತೀರಿಕೊಂಡ ವರ್ಷ ರೊಟ್ಟಿ ಬಡಿಯಲು ಕೈ ಏಳದೆ ಹೋದದ್ದು. ಹಲ್ಲಿಗೂ ಚೀಲಕ್ಕೂ ಏನು ಸಂಬಂಧ ಎಂದು ನನಗನ್ನಿಸಿತು. ಚಾಚಾಗೆ ಅನ್ನಿಸಲಿಲ್ಲ. "ಹಾಂ... ಹಾಂ..." ಎನ್ನುತ್ತ ಎಲ್ಲವನ್ನೂ ಕೇಳಿದರು. ಕೊನೆಗೆ ಬಲಪಟ್ಟಿಯ ಹೊಲಿಗೆ ಬಿಚ್ಚಿ ಒಂದು ಬೆರಳು ಒಳಗೆ ಸರಿಸಿದರು. ಅವ್ವ ಆ ಚೀಲ ಹೊತ್ತು ಇನ್ನೂ ಎರಡು ವರ್ಷ ಹೋದಳು.

ಅರವತ್ತರ ದಶಕ ಮುಗಿಯುತ್ತ ಬಂದಾಗ ಚಾಚಾ ತೀರಿಕೊಂಡರು. ವಿಜಾಪುರದಿಂದ ಬಂದ ಬಸ್ಸಿನವರು ಸುದ್ದಿ ತಂದರು. ನಾನು ಮನೆಗೆ ಹೋಗಿ ಹೇಳಿದಾಗ ಅವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕೈ ನಿಂತಿತು. ಒಳಗೆ ಗೂಟಕ್ಕೆ ತೂಗುಹಾಕಿದ್ದ ಚೀಲದ ಕಡೆ ನೋಡಿದಳು. "ಇನ್ನ ಯಾರ ಕೇಳಾವ್ರಪಾ" ಎಂದಳು. ಮತ್ತೆ ಜೋಳಕ್ಕೆ ಕೈ ಹಾಕಿದಳು.

ನಾನು ನಿಂತೇ ಇದ್ದೆ. ನನಗೆ ಅಭ್ಯಾಸವಿಲ್ಲದ ಮಾತು. ಆದರೂ ಕೇಳಿದೆ: "ಯವ್ವಾ, ಎಲ್ಲಿ ಕಡಿಯಾಕತ್ತೈತಿ ಬೇ?"

"ಎಲ್ಲೂ ಇಲ್ಲೋ."

ಚಾಚಾ ಸ್ಟೂಲು ಸರಿಸಿದ್ದು ನೆನಪಾಯಿತು. ಮೊರ ತೆಗೆದು ಪಕ್ಕಕ್ಕಿಟ್ಟೆ. ಅವಳ ಎದುರಿಗೆ ನೆಲದ ಮೇಲೆ ಕೂತೆ. "ನನಗ ಅವಸರ ಇಲ್ಲ" ಎಂದೆ.

ಅವ್ವ ಸೆರಗು ಸರಿಮಾಡಿಕೊಂಡಳು.

"ಎಡಗಡಿ ಹೆಗಲು," ಎಂದಳು. "ನೀ ಹುಟ್ಟೂ ಮೊದಲಿಂದ ಐತಿ."